ಒಂದೇ ಹಾಡು, ಎರಡು ರಾತ್ರಿ: ಹೆವಿ ಮೆಟಲ್ ಲೈವ್‌ಗಳನ್ನು ಹೋಲಿಸಿ ಕೇಳುವುದು ಹೇಗೆ?

"ಅಣ್ಣಾ, ಮೇಡನ್‌ದು ಎಂಬತ್ತೈದರ ಲೈವ್ ಛಲೋನೋ, ಬಾಂಬೇದು ಛಲೋನೋ?" ಕಲಬುರಗಿ, ಶಹಾಬಾದ, ಬೀದರ, ಸುರಪುರ ಕಡೆಯ ಹುಡುಗರು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಮೇಡನ್ ಎಂದರೆ ಐರನ್ ಮೇಡನ್, ಹೆವಿ ಮೆಟಲ್ ಎಂಬ ಅಬ್ಬರದ ಗಿಟಾರ್ ಸಂಗೀತದ ಬ್ಯಾಂಡು. ಲೈವ್ ಎಂದರೆ ಕಾನ್ಸರ್ಟಿನಲ್ಲಿ ನುಡಿಸುತ್ತಿರುವಾಗಲೇ ಹಿಡಿದ ರೆಕಾರ್ಡಿಂಗ್. ಬ್ಯಾಂಡಿನ ಹೆಸರು ಮಾತ್ರ ಬದಲಾಗುತ್ತದೆ. ನಾನು ಒಂದು ಹೆಸರು ಹೇಳಿಬಿಟ್ಟರೆ ಅದು ನನ್ನ ಕಿವಿಯ ತೀರ್ಪಾಯಿತು, ನಿಮ್ಮದಲ್ಲ. ಅದಕ್ಕೇ ನಾನು ಹೋಲಿಸುವ ಕ್ರಮವನ್ನು ಇಲ್ಲಿ ಒಂದೊಂದೇ ಹಂತವಾಗಿ ಬರೆದಿದ್ದೇನೆ.

ಹೀಗೆ ಹೋಲಿಸುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಹಾಡಿನಲ್ಲೇ ಸವಾಲು–ಜವಾಬು ನಡೆಸುವ ಹರದೇಶಿ–ನಾಗೇಶಿ ಮೇಳ ಎದುರಾದಾಗ, ಶ್ರಾವಣದಲ್ಲಿ ರಾತ್ರಿಯೆಲ್ಲ ಭಜನಿ ನಡೆದಾಗ ಕಟ್ಟೆಯ ಮೇಲೆ ಕುಂತ ಹಿರಿಯರು "ಇಂವನ ದನಿ ಛಲೋ ಅದ, ಆದ್ರ ತಾಳ ಓಡ್ತದ" ಅನ್ನುತ್ತಾರಲ್ಲ, ಅದೇ ಕೆಲಸ. ಅವರು ದನಿಯನ್ನೂ ತಾಳವನ್ನೂ ಬೇರೆ ಬೇರೆ ಮಾಡಿ ಕೇಳಿದರು. ಮೆಟಲ್‌ನಲ್ಲಿ ಬೇರೆ ಮಾಡಬೇಕಾದ ಪದರಗಳು ಇನ್ನೂ ಹೆಚ್ಚು, ನಡುವೆ ಯಂತ್ರಗಳೂ ಹೆಚ್ಚು. ವೇದಿಕೆಯಲ್ಲಿ ನುಡಿಸಿದ್ದು ಬೇರೆ, ಮೈಕು ಹಿಡಿದದ್ದು ಬೇರೆ, ನಮ್ಮ ಕಿವಿಗೆ ಬಿದ್ದದ್ದು ಬೇರೆ. ಈ ಮೂರನ್ನೂ ಕಲಸಿಕೊಂಡು ಕೂತರೆ ಜಗಳ ಬಗೆಹರಿಯುವುದಿಲ್ಲ.

ಬೇಕಾಗುವ ಸಾಮಾನು

ಒಂದು ಹೆಡ್‌ಫೋನ್. ತಂತಿಯದಾದರೆ ಒಳ್ಳೆಯದು, ಬ್ಲೂಟೂತ್ ಆದರೂ ನಡೆಯುತ್ತದೆ. ಎರಡೂ ಲೈವ್‌ಗಳನ್ನು ಒಂದೇ ಹೆಡ್‌ಫೋನಿನಲ್ಲಿ ಕೇಳುವುದು ಮುಖ್ಯ. ಫೋನಿನ ಸ್ಪೀಕರ್‌ನಲ್ಲಿ ಕೇಳಿ "ಬಾಸ್ ಗಿಟಾರ್ ಸರಿಯಿಲ್ಲ" ಎನ್ನಬೇಡಿ. ತಗ್ಗು ಸ್ವರಗಳ ಬಾಸ್ ಗಿಟಾರಿನ ಅತಿ ಕೆಳಸ್ವರದ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಅಂಗೈಯಗಲದ ಫೋನಿಗೆ ಆ ಆಳ ದಕ್ಕುವುದಿಲ್ಲ. ಹೆಡ್‌ಫೋನ್ ಬಿಟ್ಟರೆ ಗಿಟಾರ್ ಟ್ಯೂನರ್ ಆ್ಯಪ್ (ಸ್ವರ ಯಾವುದೆಂದು ತೋರಿಸುತ್ತದೆ, ಪುಕ್ಕಟೆ ಸಿಗುತ್ತದೆ), ಸೆಕೆಂಡ್ ತೋರಿಸುವ ಗಡಿಯಾರ, ಒಂದು ನೋಟ್‌ಬುಕ್ಕು. ಕಂಪ್ಯೂಟರ್ ಇದ್ದವರು ಸದ್ದಿನ ಫೈಲ್ ತಿದ್ದುವ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ.

ಫೋನಿನಲ್ಲಿ ಬಾಸ್ ಬೂಸ್ಟ್, ಈಕ್ವಲೈಸರ್, ಡಾಲ್ಬಿ ಏನೇನು ಚಾಲೂ ಇದೆಯೋ ಎಲ್ಲ ಬಂದ್ ಮಾಡಿ.

ಇನ್ನೊಂದು ನಮ್ಮೂರಿನದೇ ತೊಡಕು, ಕೂಲರ್. ಏಪ್ರಿಲ್–ಮೇ ತಿಂಗಳಲ್ಲಿ ಅದರ ಗುಂಯ್ ಸದ್ದು ಬಾಸ್ ಗಿಟಾರನ್ನು ನೇರವಾಗಿ ನುಂಗಿಬಿಡುತ್ತದೆ. ಕೂಲರ್ ಬಂದ್ ಮಾಡಿ ಕೂತರೆ ಮೂರನೇ ಹಾಡಿಗೆ ತಲೆ ಕೆಡುತ್ತದೆ. ನಾನು ಬೇಸಿಗೆಯಲ್ಲಿ ಬೆಳಗಿನ 5ರಿಂದ 6ರೊಳಗೆ ಕೇಳುವ ಕೆಲಸ ಮುಗಿಸುತ್ತೇನೆ.

ಹಂತ 1: ಬ್ಯಾಂಡನ್ನಲ್ಲ, ಒಂದು ಹಾಡನ್ನು ಆರಿಸಿ

"ಮೆಟಾಲಿಕಾ ಲೈವ್ ದೊಡ್ಡದೋ, ಸ್ಲೇಯರ್ ಲೈವ್ ದೊಡ್ಡದೋ" ಎಂಬ ಪ್ರಶ್ನೆ ಚಹಾ ಅಂಗಡಿಗೆ ಸರಿ. ಹೋಲಿಕೆಗೆ ಒಂದೇ ಬ್ಯಾಂಡಿನ ಒಂದೇ ಹಾಡು, ಎರಡು ಬೇರೆ ರಾತ್ರಿಗಳು ಸಾಕು. ಮೂರನೆಯದನ್ನು ಆಮೇಲೆ ಸೇರಿಸಿ.

ಮೊದಲ ಅಭ್ಯಾಸಕ್ಕೆ ನಾನು ಕೊಡುವುದು ಐರನ್ ಮೇಡನ್ ತಂಡದ 'ಏಸಸ್ ಹೈ'. 1984ರ 'ಪವರ್‌ಸ್ಲೇವ್' ಆಲ್ಬಮ್ಮಿನ ಮೊದಲ ಹಾಡು. ಇದರ ಒಂದು ಲೈವ್ 1985ರ 'ಲೈವ್ ಆಫ್ಟರ್ ಡೆತ್'ನಲ್ಲಿದೆ, ಅಮೆರಿಕದ ಲಾಂಗ್ ಬೀಚ್ ಅರೇನಾದಲ್ಲಿ ಹಿಡಿದದ್ದು. ಇನ್ನೊಂದು 2009ರ 'ಫ್ಲೈಟ್ 666'ರಲ್ಲಿದೆ, 2008ರ ಫೆಬ್ರುವರಿ 1ರಂದು ಮುಂಬೈಯಲ್ಲಿ ಹಿಡಿದದ್ದು. ಗಾಯಕ ಬ್ರೂಸ್ ಡಿಕಿನ್ಸನ್, ಬಾಸ್ ಸ್ಟೀವ್ ಹ್ಯಾರಿಸ್, ಡ್ರಮ್ಸ್ ನಿಕೋ ಮೆಕ್‌ಬ್ರೈನ್ ಎರಡರಲ್ಲೂ ಅವರೇ. ನಡುವೆ 23 ವರ್ಷ. ಡಿಕಿನ್ಸನ್‌ಗೆ ಅಲ್ಲಿ 26, ಇಲ್ಲಿ 49. ಗಿಟಾರ್ ಮಾತ್ರ ಅಲ್ಲಿ ಎರಡು, ಇಲ್ಲಿ ಮೂರು.

ಸಂದರ್ಭವನ್ನೂ ಬರೆದುಕೊಳ್ಳಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. 1984ರ ಆಗಸ್ಟಿನಲ್ಲಿ ಪೋಲೆಂಡಿನಿಂದ ಹೊರಟ ಪ್ರವಾಸ ಲಾಂಗ್ ಬೀಚ್ ಮುಟ್ಟಿದ್ದು 1985ರ ಮಾರ್ಚಿನಲ್ಲಿ, ಅಂದರೆ ಏಳು ತಿಂಗಳು ಹಾಡಿ ಹಾಡಿ ಬಂದ ಗಂಟಲು. ಕೈಗಳು ಮಾತ್ರ ಕಣ್ಣು ಮುಚ್ಚಿ ನುಡಿಸುವಷ್ಟು ಪಳಗಿದ್ದವು. ಮುಂಬೈ ಆ ಪ್ರವಾಸದ ಮೊಟ್ಟಮೊದಲ ರಾತ್ರಿ. ಗಂಟಲು ತಾಜಾ, ಆದರೆ ತಂಡ ಇನ್ನೂ ರಸ್ತೆಗೆ ಒಗ್ಗಿಲ್ಲ. ಲಾಂಗ್ ಬೀಚ್‌ನಲ್ಲಿ ನಾಲ್ಕು ರಾತ್ರಿ ನುಡಿಸಿದ್ದರು, ಆರಿಸಿಕೊಳ್ಳಲು ಅವಕಾಶವಿತ್ತು. ಮುಂಬೈಯಲ್ಲಿ ಇದ್ದದ್ದು ಒಂದೇ ರಾತ್ರಿ. ಇದು ಗೊತ್ತಿದ್ದರೆ ಕೇಳುವಾಗ ಯಾವ ತಪ್ಪನ್ನು ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

*ಎಚ್ಚರಿಕೆ:* ಸ್ಟುಡಿಯೋ ಹಾಡಿನ ಎದುರು ಲೈವ್ ಇಟ್ಟು "ಲೈವ್‌ನಲ್ಲಿ ಕೆಟ್ಟಿತು" ಎನ್ನಬೇಡಿ. ಸ್ಟುಡಿಯೋದಲ್ಲಿ ಒಂದೇ ಗಿಟಾರನ್ನು ನಾಲ್ಕು ಸಲ ನುಡಿಸಿ ಒಂದರ ಮೇಲೊಂದು ಕೂರಿಸಿರಬಹುದು. ವೇದಿಕೆಯಲ್ಲಿ ಆ ಮನುಷ್ಯನಿಗೆ ಇರುವುದು ಎರಡೇ ಕೈ.

ಹಂತ 2: ಈ ರೆಕಾರ್ಡಿಂಗ್ ಎಲ್ಲಿಂದ ಬಂತು ಅನ್ನುವುದನ್ನು ಪತ್ತೆ ಮಾಡಿ

ಲೈವ್ ರೆಕಾರ್ಡಿಂಗ್‌ಗಳಲ್ಲಿ ಮೂರು ಬಗೆ.

*ಮಲ್ಟಿಟ್ರ್ಯಾಕ್:* ಪ್ರತಿ ಮೈಕಿನ ಸದ್ದನ್ನೂ ಬೇರೆ ಬೇರೆಯಾಗಿ ಹಿಡಿದು, ಆಮೇಲೆ ಸ್ಟುಡಿಯೋದಲ್ಲಿ ಹದವಾಗಿ ಬೆರೆಸಿದ್ದು. ಅಂಗಡಿಗೆ ಬರುವ ಲೈವ್ ಆಲ್ಬಮ್‌ಗಳೆಲ್ಲ ಹೆಚ್ಚಾಗಿ ಇವೇ.

*ಸೌಂಡ್‌ಬೋರ್ಡ್:* ಮೈದಾನದ ಮಿಕ್ಸಿಂಗ್ ಮೇಜಿನಿಂದ ನೇರವಾಗಿ ತೆಗೆದದ್ದು. ಇದರಲ್ಲಿ ದನಿ ಮುಂದೆ ಬಂದು ಗಿಟಾರ್ ಹಿಂದೆ ಸರಿದಂತೆ ಕೇಳುವುದುಂಟು. ಗಿಟಾರ್ ಆಂಪ್ಲಿಫೈಯರ್ ವೇದಿಕೆಯ ಮೇಲೇ ಅಬ್ಬರಿಸುತ್ತಿರುವಾಗ ಮೇಜಿನಲ್ಲಿ ಅದನ್ನು ಏರಿಸುವ ಅಗತ್ಯವೇ ಬೀಳುವುದಿಲ್ಲ. ಸಣ್ಣ ಸಭಾಂಗಣದಲ್ಲಂತೂ ಹೀಗೆಯೇ. "ಗಿಟಾರಿಸ್ಟ್ ಮೆತ್ತಗೆ ನುಡಿಸಿದ" ಎಂದು ತೀರ್ಪು ಕೊಡುವ ಮುಂಚೆ ಇದು ನೆನಪಿರಲಿ.

*ಆಡಿಯನ್ಸ್:* ಗುಂಪಿನ ನಡುವೆ ಯಾರೋ ಫೋನ್ ಎತ್ತಿ ಹಿಡಿದದ್ದು. ಫೋನು ಗದ್ದಲ ಹೆಚ್ಚಾದ ಕೂಡಲೇ ತಾನೇ ಮಟ್ಟ ಇಳಿಸಿಕೊಳ್ಳುತ್ತದೆ. ಡ್ರಮ್ಸ್ ಬಂದಾಗಲೆಲ್ಲ ಗಾಯಕನ ದನಿ ಗುಳಕ್ಕನೆ ಮುಳುಗಿ ಮತ್ತೆ ಮೇಲೆ ಬಂದರೆ ಅದು ಗಾಯಕನ ತಪ್ಪಲ್ಲ, ಫೋನಿನ ಚಾಳಿ.

ಮಲ್ಟಿಟ್ರ್ಯಾಕಿಗೆ ಮಲ್ಟಿಟ್ರ್ಯಾಕ್, ಫೋನಿಗೆ ಫೋನ್ ಎದುರಿಡಿ. ಅಡ್ಡಾದಿಡ್ಡಿ ಜೋಡಿ ಮಾಡಿದರೆ ನೀವು ಬ್ಯಾಂಡುಗಳನ್ನಲ್ಲ, ಮೈಕುಗಳನ್ನು ಹೋಲಿಸುತ್ತಿದ್ದೀರಿ.

ಇನ್ನು ಓವರ್‌ಡಬ್. ಕಾನ್ಸರ್ಟ್ ಮುಗಿದ ಮೇಲೆ ತಪ್ಪಿದ ಭಾಗವನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿ ಅಥವಾ ನುಡಿಸಿ ಅಂಟಿಸುವುದಕ್ಕೆ ಹಾಗೆನ್ನುತ್ತಾರೆ. ಜೂಡಸ್ ಪ್ರೀಸ್ಟ್ ತಂಡದ 1979ರ 'ಅನ್‌ಲೀಷ್ಡ್ ಇನ್ ದಿ ಈಸ್ಟ್' ಜಪಾನಿನಲ್ಲಿ ಹಿಡಿದ ಹೆಸರುವಾಸಿ ಲೈವ್. ಅದರ ಗಾಯನವನ್ನು ಆಮೇಲೆ ಮತ್ತೆ ಹಾಡಿಸಲಾಯಿತು, ಗಾಯಕ ರಾಬ್ ಹ್ಯಾಲ್‌ಫೋರ್ಡ್ ಅದನ್ನು ಒಪ್ಪಿಕೊಂಡಿದ್ದಾರೆ. ಅಭಿಮಾನಿಗಳು ಅದಕ್ಕೆ 'ಅನ್‌ಲೀಷ್ಡ್ ಇನ್ ದಿ ಸ್ಟುಡಿಯೋ' ಎಂದು ಅಡ್ಡಹೆಸರನ್ನೇ ಇಟ್ಟರು. ನನಗೆ ಈಗಲೂ ಅದು ಪ್ರಾಣ. ಆದರೆ ಆ ರಾತ್ರಿಯ ದನಿಯನ್ನು ಅಳೆಯುವ ಕೆಲಸಕ್ಕೆ ಅದು ಬರುವುದಿಲ್ಲ, ಗಿಟಾರ್ ಅಳೆಯಲು ಬಳಸಿ.

ಹಂತ 3: ಸದ್ದಿನ ಮಟ್ಟ ಸಮ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ನಮ್ಮ ಕಿವಿಗೆ ಒಂದು ದೌರ್ಬಲ್ಯವಿದೆ. ಸದ್ದು ಕಡಿಮೆಯಿದ್ದಾಗ ಕೆಳಗಿನ ಬಾಸ್ ಸ್ವರಗಳು ನಡುವಿನ ಸ್ವರಗಳಿಗಿಂತ ಬಹಳ ಬೇಗ ಮಾಯವಾಗುತ್ತವೆ. ಸದ್ದು ಏರಿಸಿದರೆ ಅವು ತುಂಬಿಕೊಂಡು ಬರುತ್ತವೆ. ಅದರಿಂದ ಜೋರಾಗಿರುವ ರೆಕಾರ್ಡಿಂಗು ನಮಗೆ "ಜೋರಾಗಿದೆ" ಎಂದು ಅನಿಸುವುದಿಲ್ಲ, "ಛಲೋ ಅದ, ತುಂಬಿ ಬಂದದ" ಎಂದು ಅನಿಸುತ್ತದೆ. ಒಂದೆರಡು ಡೆಸಿಬಲ್ (ಸದ್ದಿನ ಜೋರಿನ ಅಳತೆ) ವ್ಯತ್ಯಾಸವಿದ್ದರೂ ಸಾಕು, ಕಿವಿ ಮೋಸ ಹೋಗುತ್ತದೆ. ಇತ್ತೀಚಿನ ರೆಕಾರ್ಡಿಂಗ್‌ಗಳನ್ನು ಹಳೆಯವಕ್ಕಿಂತ ಹೆಚ್ಚು ಜೋರಾಗಿ ಒತ್ತಿ ತಯಾರಿಸುವುದು ರೂಢಿ. ಅಂದಮೇಲೆ 1985ರದು ಓಟ ಶುರುವಾಗುವ ಮುಂಚೆಯೇ ಸೋತಿರುತ್ತದೆ.

ಒಮ್ಮೆ ಒಬ್ಬ ಗೆಳೆಯನ ಎದುರು ಒಂದೇ ರೆಕಾರ್ಡಿಂಗನ್ನು ಎರಡು ಸಲ ಹಾಕಿದೆ, ಎರಡನೆಯ ಸಲ ವಾಲ್ಯೂಮ್ ಒಂದು ಗೀಟು ಏರಿಸಿ. "ಎರಡನೇದರಾಗ ಡ್ರಮ್ಮರ್ ಮೈಯಾಗ ಜೋಶ್ ಅದ ನೋಡು" ಅಂದ.

ಸಮ ಮಾಡುವುದು ಹೀಗೆ:

1. ಯೂಟ್ಯೂಬ್‌ನಲ್ಲಿ ಕೇಳುತ್ತಿದ್ದರೆ, ಕಂಪ್ಯೂಟರಿನಲ್ಲಿ ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ವಾಲ್ಯೂಮ್ ಸಾಲಿನಲ್ಲಿ 'ಕಂಟೆಂಟ್ ಲೌಡ್‌ನೆಸ್' ಎಂದು ಡೆಸಿಬಲ್ ಅಂಕಿ ಇರುತ್ತದೆ. ಅದು ಸೊನ್ನೆಗಿಂತ ಹೆಚ್ಚಿದ್ದರೆ ಯೂಟ್ಯೂಬ್ ತಾನೇ ಸದ್ದು ಇಳಿಸಿದೆ ಎಂದರ್ಥ. ಕಡಿಮೆಯಿದ್ದರೆ ಅದನ್ನು ಏರಿಸಿರುವುದಿಲ್ಲ, ಹಾಗೇ ಬಿಟ್ಟಿರುತ್ತದೆ. ಒಂದರದು ಸೊನ್ನೆಗಿಂತ ಮೇಲೆ, ಇನ್ನೊಂದರದು –6 ಇದ್ದರೆ ಎರಡನೆಯದನ್ನು ನೀವೇ ಏರಿಸಿ ಕೇಳಬೇಕು.

2. ನಿಮ್ಮದೇ ಸಿಡಿಯಿಂದ ತೆಗೆದ ಫೈಲ್ ಇದ್ದರೆ ಆಡಾಸಿಟಿಯಲ್ಲಿ ತೆರೆದು 'ಲೌಡ್‌ನೆಸ್ ನಾರ್ಮಲೈಸೇಶನ್' ಆರಿಸಿ ಎರಡಕ್ಕೂ ಒಂದೇ ಅಂಕಿ ಕೊಡಿ. ಬೇರೇನೂ ಮುಟ್ಟಬೇಡಿ.

3. ಇದ್ಯಾವುದೂ ಇಲ್ಲವೆಂದರೆ, ಎರಡರಲ್ಲೂ ಒಂದೇ ಚರಣವನ್ನು ಇಪ್ಪತ್ತು ಸೆಕೆಂಡು ಹಾಕಿ, ಜೋರಿರುವುದನ್ನು ಇಳಿಸುತ್ತಾ ಬನ್ನಿ. ಯಾವುದು ಜೋರು ಎಂದು ಹೇಳಲು ನಿಮಗೇ ಗೊಂದಲವಾಗುವ ಜಾಗದಲ್ಲಿ ನಿಲ್ಲಿಸಿ.

ಆಮೇಲೆ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರ ಕೈಗೆ ಫೋನ್ ಕೊಡಿ. ಯಾವುದು ಯಾವ ಕಾನ್ಸರ್ಟ್ ಎಂದು ಹೇಳದೆ 'ಕ', 'ಖ' ಎಂದಷ್ಟೇ ಹೇಳಿ ಹಾಕಲಿ. ಪರದೆ ಬೋರಲು ಇರಲಿ. ಬೆಂಕಿಯುಗುಳುವ ವೇದಿಕೆ, ಮೇಡನ್‌ನ ಎಡ್ಡಿ ಗೊಂಬೆ, ಕೆಂಪು ದೀಪ ಕಣ್ಣಿಗೆ ಬಿದ್ದರೆ ಕಿವಿ ಅರ್ಧ ಕೆಲಸ ನಿಲ್ಲಿಸುತ್ತದೆ. ನೋಡುವ ಸುಖ ಬೇಡವೆಂದಲ್ಲ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಹಂತ 4: ಶ್ರುತಿ ಮತ್ತು ಓಟ

ಈಗ ಅಳತೆಯ ಕೆಲಸ, ಹತ್ತು ನಿಮಿಷದ್ದು.

*ಶ್ರುತಿ.* ಹಾಡಿನಲ್ಲಿ ಗಿಟಾರ್ ಒಂಟಿಯಾಗಿ ಕೇಳುವ ಜಾಗ ಹುಡುಕಿ ಟ್ಯೂನರ್ ಹಿಡಿಯಿರಿ. ಮಾಮೂಲಿ ಶ್ರುತಿಯಲ್ಲಿ ಗಿಟಾರಿನ ಅತಿ ಕೆಳಸ್ವರದ ತಂತಿ 'ಇ'. ಎಷ್ಟೋ ಬ್ಯಾಂಡುಗಳು ವೇದಿಕೆಯಲ್ಲಿ ಅರ್ಧ ಸ್ವರ ಇಳಿಸಿಕೊಂಡು 'ಇ ಫ್ಲ್ಯಾಟ್'ನಲ್ಲಿ ನುಡಿಸುತ್ತವೆ. ಮೆಟಾಲಿಕಾ ತನ್ನ ಹಳೆಯ ಹಾಡುಗಳನ್ನು ಬಹಳ ವರ್ಷಗಳಿಂದ ಹೀಗೇ ನುಡಿಸುತ್ತ ಬಂದಿದೆ. ಗಂಟಲಿಗೆ ಅದರಿಂದ ಆರಾಮ. ನಮ್ಮ ಭಜನಿಯವರು ಪೇಟಿಯಲ್ಲಿ ಕಪ್ಪು ಎರಡರಿಂದ ಬಿಳಿ ಎರಡಕ್ಕೆ ಇಳಿಯುವುದಿಲ್ಲವೆ, ಅದೇ ಲೆಕ್ಕ. ಇಳಿಸಿದರೆ ಹಾಡು ಭಾರವಾಗಿ, ಸ್ವಲ್ಪ ಕತ್ತಲಾಗಿ ಕೇಳುತ್ತದೆ. ಅದನ್ನು 'ದಣಿವು' ಎಂದು ಓದಬೇಡಿ.

*ಓಟ.* ಒಂದು ನಿಮಿಷದಲ್ಲಿ ಎಷ್ಟು ತಾಳ ಬೀಳುತ್ತದೆ ಅನ್ನುವುದೇ ಬಿಪಿಎಂ. ಕಾಲು ತಟ್ಟುತ್ತಾ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 15 ಸೆಕೆಂಡಿಗೆ 40 ಬಂದರೆ 160. ಹಾಡಿನ ಶುರುವಿನಲ್ಲೊಮ್ಮೆ, ಕೊನೆಯ ಪಲ್ಲವಿಯಲ್ಲೊಮ್ಮೆ ಎಣಿಸಿ. ಲೈವ್‌ನಲ್ಲಿ ಓಟ ಹೆಚ್ಚಾಗುವುದು ಸಹಜ. ಶುರುವಿನಿಂದಲೇ ವೇಗವಾಗಿದ್ದು ಕೊನೆಯವರೆಗೂ ಹಾಗೇ ನಿಂತರೆ ಅದು ತಂಡದ ನಿರ್ಧಾರ. ನಡುವೆ ಓಡಿಹೋದರೆ ಅದು ಕಟ್ಟೆಯ ಹಿರಿಯರು ಹೇಳಿದ "ತಾಳ ಓಡ್ತದ". ಕೊನೆಯವರೆಗೂ ಕೂದಲೆಳೆಯಷ್ಟೂ ಅಲ್ಲಾಡದಿದ್ದರೆ ಡ್ರಮ್ಮರ್ ಕಿವಿಯಲ್ಲಿ 'ಕ್ಲಿಕ್' ಇರುವ ಸಂಭವ ಹೆಚ್ಚು. ಕ್ಲಿಕ್ ಎಂದರೆ ಅವನಿಗಷ್ಟೇ ಕೇಳುವ ಯಂತ್ರದ ಟಿಕ್ ಟಿಕ್. ಅದು ಕಳ್ಳತನವಲ್ಲ. ಆದರೆ ಕ್ಲಿಕ್ ಇಟ್ಟುಕೊಂಡವನನ್ನೂ ಇಲ್ಲದವನನ್ನೂ ಓಟದ ವಿಷಯದಲ್ಲಿ ಎದುರೆದುರು ನಿಲ್ಲಿಸುವುದು ನ್ಯಾಯವಲ್ಲ.

*ಎಚ್ಚರಿಕೆ ಒಂದು:* ಥ್ರ್ಯಾಶ್ ಬಗೆಯಲ್ಲಿ, ಅಂದರೆ ಅತಿ ವೇಗದ ಮೆಟಲ್‌ನಲ್ಲಿ, ಒಬ್ಬರು 200 ಎಣಿಸಿದ್ದನ್ನು ಇನ್ನೊಬ್ಬರು 100 ಎಣಿಸುತ್ತಾರೆ. ಎರಡೂ ಸರಿ. ಎರಡು ರೆಕಾರ್ಡಿಂಗಿಗೂ ಒಂದೇ ರೀತಿ ಎಣಿಸಿದರಾಯಿತು.

*ಎಚ್ಚರಿಕೆ ಎರಡು:* ಹಳೆಯ ಕ್ಯಾಸೆಟ್‌ನಿಂದ ಏರಿಸಿದ ರೆಕಾರ್ಡಿಂಗ್‌ನಲ್ಲಿ ಶ್ರುತಿಯೂ ಓಟವೂ ಎರಡೂ ಜೊತೆಯಾಗಿ ಮೇಲೆ ಹೋಗಿದ್ದರೆ ಟೇಪು ವೇಗವಾಗಿ ತಿರುಗಿದೆ ಎಂದು ತಿಳಿಯಿರಿ. ಟೇಪು ಶೇಕಡಾ 6ರಷ್ಟು ವೇಗವಾದರೆ ಶ್ರುತಿ ಸರಿಯಾಗಿ ಅರ್ಧ ಸ್ವರ ಏರುತ್ತದೆ. ಬ್ಯಾಂಡ್ ಹುರುಪಿನಲ್ಲಿ ಓಡಿದ್ದಾದರೆ ಓಟ ಏರುತ್ತದೆ, ಶ್ರುತಿ ನಿಂತಲ್ಲೇ ಇರುತ್ತದೆ.

ಹಂತ 5: ಪದರ ಪದರವಾಗಿ ಕೇಳಿ

ಒಂದು ಸಲ ಹಾಕಿದಾಗ ಒಂದೇ ವಾದ್ಯ. ನಾಲ್ಕು ವಾದ್ಯಕ್ಕೆ ನಾಲ್ಕು ಸಲ, ಎರಡು ರೆಕಾರ್ಡಿಂಗಿಗೆ ಎಂಟು ಸಲ. ಬೇಸರವಾದರೆ ಮರುದಿನ ಮುಂದುವರಿಸಿ. ದಣಿದ ಕಿವಿಗೆ ಎಲ್ಲವೂ ಒಂದೇ ಥರ ಕೇಳುತ್ತದೆ.

*ಡ್ರಮ್ಸ್.* ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗಿ ಬಾರಿಸುವವರನ್ನು ಕೇಳಿದವರಿಗೆ ಇದು ಸುಲಭ. ರಾತ್ರಿ ಹತ್ತಕ್ಕೆ ಬಿದ್ದ ಪೆಟ್ಟಿಗೂ ನಸುಕಿನ ಪೆಟ್ಟಿಗೂ ನಡುವೆ ಏನು ಸವೆಯುತ್ತದೆ? ಪೆಟ್ಟಿನ ಜೋರು ಆಮೇಲೆ ಕುಗ್ಗುತ್ತದೆ, ಪೆಟ್ಟುಗಳ ನಡುವಿನ ಅಂತರ ಮೊದಲು ಕದಡುತ್ತದೆ. ಮೆಟಲ್ ಡ್ರಮ್ಮರ್‌ನಲ್ಲೂ ಅದನ್ನೇ ಹಿಡಿಯಿರಿ. ಎರಡೂ ಪಾದಗಳಿಂದ ದೊಡ್ಡ ಡ್ರಮ್ಮನ್ನು ದಡದಡ ಬಾರಿಸುವುದು ಡಬಲ್ ಕಿಕ್. ಅದರಲ್ಲಿ ಎಡಗಾಲು ಹಿಂದೆ ಬೀಳುತ್ತಿದೆಯೇ ನೋಡಿ. 'ದಡ ದಡ ದಡ' ಹೋಗಿ 'ದಡ್‌ಡ ದಡ್‌ಡ' ಆಗುತ್ತದೆ. (ನಿಕೋ ಮೆಕ್‌ಬ್ರೈನ್ ಹೆಸರಾಗಿರುವುದೇ ಒಂಟಿ ಪೆಡಲ್ಲಿಗೆ, ಅಲ್ಲಿ ಒಂದೇ ಕಾಲಿನ ಕಥೆ.) ಕೆಲವರು ಡ್ರಮ್ಮಿಗೆ 'ಟ್ರಿಗರ್' ಹಾಕಿರುತ್ತಾರೆ. ಪಾದ ಬಿದ್ದಾಗಲೆಲ್ಲ ಮೊದಲೇ ಹಿಡಿದಿಟ್ಟ ಸದ್ದನ್ನು ಹೊರಡಿಸುವ ಸಾಧನ ಅದು. ಆಗ ಎಲ್ಲ ಪೆಟ್ಟೂ ಒಂದೇ ಜೋರು. ಅಲ್ಲಿ ಜೋರನ್ನು ಹೊಗಳಬೇಡಿ, ಅಂತರವನ್ನಷ್ಟೇ ನೋಡಿ.

*ಬಾಸ್.* ಮೇಡನ್‌ನ ಎಷ್ಟೋ ಹಾಡುಗಳ ಜೀವ ಕುದುರೆ ಓಟದ ಲಯ. ಒಂದು ಉದ್ದ, ಎರಡು ಗಿಡ್ಡ: ದಾಂ–ತಕ, ದಾಂ–ತಕ. ಟಾಂಗಾ ಕಾಲದ ಊರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ಟೀವ್ ಹ್ಯಾರಿಸ್ ಇದನ್ನು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಇಲ್ಲದೆ ಬೆರಳಿನಿಂದಲೇ ನುಡಿಸುತ್ತಾರೆ. ಓಟ ಹೆಚ್ಚಾದಾಗ ಮೊದಲು ಬಲಿಯಾಗುವುದು ಕೊನೆಯ ಆ ಪುಟ್ಟ 'ಕ'. ಎರಡು ರಾತ್ರಿಗಳಲ್ಲಿ ಯಾವುದರಲ್ಲಿ ಆ 'ಕ' ಉಳಿದಿದೆ, ಯಾವುದರಲ್ಲಿ ನುಂಗಿಹೋಗಿದೆ? ಹೆಡ್‌ಫೋನ್ ತಲೆಗೆ ಗಟ್ಟಿಯಾಗಿ ಒತ್ತಿ ಇದೊಂದನ್ನೇ ಹಿಡಿಯಿರಿ. ಬಾಸ್ ಕೇಳುವ ಕಿವಿ ತೆರೆಯುವುದು ಹೀಗೆ.

*ಗಿಟಾರ್.* ಮೊದಲು ರಿಫ್ ಕೇಳಿ. ಹಾಡಿನ ಬೆನ್ನೆಲುಬಾಗಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿಗೆ ರಿಫ್ ಎನ್ನುತ್ತಾರೆ. ಇಡೀ ತಂಡ ಒಟ್ಟಿಗೆ ಗಕ್ಕನೆ ನಿಲ್ಲುವ ಜಾಗಗಳನ್ನು ಗುರುತಿಟ್ಟುಕೊಳ್ಳಿ. ಆ ಅರೆಗಳಿಗೆಯ ಮೌನ ನನ್ನ ಪ್ರಕಾರ ಮೆಟಲ್‌ನ ಅತಿ ಕಠಿಣ ಪರೀಕ್ಷೆ. ಒಳ್ಳೆಯ ತಂಡ ಒಂದೇ ಕತ್ತಿಯಿಂದ ಕಡಿದಂತೆ ನಿಲ್ಲುತ್ತದೆ. ಸಡಿಲಾದ ತಂಡದಲ್ಲಿ ಒಬ್ಬನ ತಂತಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಇದನ್ನು ಮಾತ್ರ ಯಾವ ಮಿಕ್ಸಿಂಗೂ ಪೂರ್ತಿ ಮುಚ್ಚಲಾರದು.

ಸೋಲೋ, ಅಂದರೆ ಗಿಟಾರಿಸ್ಟ್ ಒಬ್ಬನೇ ಮುಂದೆ ಬಂದು ನುಡಿಸುವ ಭಾಗ, ಆಲ್ಬಮ್‌ನಲ್ಲಿದ್ದಂತೆಯೇ ಇರಬೇಕೆಂದಿಲ್ಲ. ಬೇರೆಯಾಗಿದ್ದರೆ 'ತಪ್ಪು' ಎಂದು ಬರೆಯಬೇಡಿ, 'ಬೇರೆ' ಎಂದು ಬರೆಯಿರಿ. 'ಏಸಸ್ ಹೈ'ಯ ಮುಂಬೈ ಲೈವ್‌ನಲ್ಲಿ ಮೂರನೆಯ ಗಿಟಾರ್ ಏನು ಮಾಡುತ್ತಿದೆ ಎಂದು ಹುಡುಕಿ. ಒಬ್ಬ ಸೋಲೋಗೆ ಹೋದಾಗ ಕೆಳಗಿನ ನೆಲ ತೆಳ್ಳಗಾಗುತ್ತದೆಯೇ, ಹಾಗೇ ನಿಲ್ಲುತ್ತದೆಯೇ? 1985ರದರಲ್ಲಿ ಅದೇ ಜಾಗಕ್ಕೆ ಹೋಗಿ ಕೇಳಿ. ಮೂರನೆಯವನು ಯಾಕೆ ಬೇಕು ಎಂಬ ಹಳೇ ಜಗಳಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

*ದನಿ.* ಮೇಲಿನ ಸ್ವರ ಮುಟ್ಟಿದರೋ ಇಲ್ಲವೋ ಎಂಬುದನ್ನಷ್ಟೇ ಎಲ್ಲರೂ ನೋಡುತ್ತಾರೆ. ನೀವು ಸಾಲಿನ ಕೊನೆಯನ್ನು ನೋಡಿ. ದಣಿದ ಗಾಯಕ ಸಾಲಿನ ಕೊನೆಯ ಅಕ್ಷರವನ್ನು ಬೇಗ ಬಿಟ್ಟುಬಿಡುತ್ತಾನೆ, ಉಸಿರು ಉಳಿಸಿಕೊಳ್ಳಲು. ಜಾಣ ಗಾಯಕ ಸ್ವರವನ್ನೇ ಸ್ವಲ್ಪ ತಿರುಗಿಸಿ ಕೆಳಗಿನ ದಾರಿ ಹಿಡಿಯುತ್ತಾನೆ. ಪಲ್ಲವಿಯ ತುದಿಯಲ್ಲಿ ಮೈಕನ್ನು ಜನರ ಕಡೆ ಚಾಚಿದರೆ ಅದು ಪ್ರೀತಿಯೂ ಹೌದು, ಉಸಿರಾಟಕ್ಕೆ ಸಿಕ್ಕ ಬಿಡುವೂ ಹೌದು. ಎಷ್ಟು ಸಲ ಚಾಚಿದರು ಎಂದು ಎಣಿಸಿ, ನಗು ಬರುತ್ತದೆ.

ಗ್ರೌಲ್ ಹಾಡುವವರನ್ನು ಅಳೆಯುವುದು ಹೇಗೆ ಎಂದು ಬೀದರಿನ ಓದುಗರೊಬ್ಬರು ಎರಡು ಸಲ ಕೇಳಿದ್ದಾರೆ. ಗ್ರೌಲ್ ಎಂದರೆ ಗಂಟಲ ಆಳದಿಂದ ಹೊರಡಿಸುವ ಗೊಗ್ಗರು ದನಿ, ಡೆತ್ ಮೆಟಲ್‌ನಲ್ಲಿ ಬರುವಂಥದ್ದು. ಅಲ್ಲಿ ಸ್ವರ ಹುಡುಕಬೇಡಿ, ವ್ಯಂಜನ ಹುಡುಕಿ. ಕ, ಟ, ಪ ಒಡೆದು ಕೇಳುತ್ತಿವೆಯೇ, ಕೊನೆಯ ಹಾಡಿನಲ್ಲೂ ಕೇಳುತ್ತಿವೆಯೇ? ವಿಡಿಯೋ ಇದ್ದರೆ ಗಾಯಕ ಮೈಕಿನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಾನೆಯೇ ನೋಡಿ. ಹಾಗೆ ಹಿಡಿದರೆ ದನಿ ದಪ್ಪವಾಗುತ್ತದೆ, ಅಕ್ಷರ ಕಲಸಿಹೋಗುತ್ತದೆ. ಆ ದಪ್ಪ ಅವನ ಗಂಟಲಿನದಲ್ಲ, ಅಂಗೈಯದು.

ವೇದಿಕೆಯಲ್ಲಿ ಕಾಣದ ವಾದ್ಯ ಕೇಳುತ್ತಿದ್ದರೆ (ಕೋರಸ್, ಕೀಬೋರ್ಡ್, ವಯಲಿನ್) ಅದು ಬ್ಯಾಕಿಂಗ್ ಟ್ರ್ಯಾಕ್, ಮೊದಲೇ ತುಂಬಿಟ್ಟ ಸದ್ದು. ಬರೆದುಕೊಳ್ಳಿ, ಮುಂದೆ ಹೋಗಿ.

ಹಂತ 6: ಖುದ್ದಾಗಿ ಹೋದಾಗ

ನಮ್ಮ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ಕಾಲೇಜು ಫೆಸ್ಟ್ ಬಿಟ್ಟರೆ ಮೆಟಲ್ ಕೇಳಲು ಸಿಗುವುದು ಅಪರೂಪ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ಕ್ಕೆ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬಂದಾಗ ಇಲ್ಲಿಂದ ರಾತ್ರಿ ರೈಲು ಹತ್ತಿದವರಿದ್ದಾರೆ. 2012ರಿಂದ ಬ್ಯಾಂಗಲೋರ್ ಓಪನ್ ಏರ್ ಎಂಬ ಮೆಟಲ್ ಉತ್ಸವವೂ ಶುರುವಾಯಿತು. ಬೀದರಿನವರಿಗೆ ಹೈದರಾಬಾದೇ ಹತ್ತಿರ, ಸುಮಾರು 140 ಕಿ.ಮೀ.

ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ತಡೆಯಿದೆ. ಹಾಗಾಗಿ ಮುಖ್ಯ ತಂಡ ಆ ಹೊತ್ತಿಗೆ ಮುಗಿಸುವುದು ವಾಡಿಕೆ. ಆದರೂ ವಾಪಸ್ ಟಿಕೆಟನ್ನು ಅದೇ ಸಂಜೆಯ ರೈಲಿಗೆ ಮಾಡಿಸಬೇಡಿ. ಮುಖ್ಯ ತಂಡದ ಮೂರು ಹಾಡು ಕೇಳಿ ಸ್ಟೇಷನ್ನಿಗೆ ಓಡಿದವನೊಬ್ಬ ಇಂದಿಗೂ ಆ ಕಾನ್ಸರ್ಟಿನ ಬಗ್ಗೆ ಎಲ್ಲರಿಗಿಂತ ಜೋರಾಗಿ ವಾದಿಸುತ್ತಾನೆ.

ಎಲ್ಲಿ ನಿಲ್ಲಬೇಕು? ಹೋಲಿಸುವ ಉದ್ದೇಶವಿದ್ದರೆ ಮಿಕ್ಸಿಂಗ್ ಮೇಜಿನ ಹತ್ತಿರ. ಮೈದಾನದ ನಡುವೆ ಚಿಕ್ಕ ಡೇರೆಯೊಳಗೆ ಸೌಂಡ್ ಎಂಜಿನಿಯರ್ ಕೂತಿರುತ್ತಾರೆ. ಅವರು ತಮ್ಮ ಕಿವಿಗೆ ಸರಿ ಕಂಡಂತೆ ಸದ್ದು ಬೆರೆಸುತ್ತಾರೆ, ಅದೇ ಜಾಗದಲ್ಲಿ ನಿಂತರೆ ನಿಮಗೂ ಅದೇ ಕೇಳುತ್ತದೆ. ವೇದಿಕೆಗೆ ಅಂಟಿಕೊಂಡು ನಿಂತರೆ ಒಂದೇ ಗಿಟಾರ್ ಕೇಳಿ ದನಿ ಕೇಳದೇ ಹೋಗಬಹುದು. ಬಹಳ ಹಿಂದೆ ನಿಂತರೆ ಡ್ರಮ್ಮರ್‌ನ ಕೋಲು ಬಿದ್ದ ಮೇಲೆ ಸದ್ದು ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ನೂರು ಮೀಟರ್ ದೂರಕ್ಕೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡ. ಅದನ್ನು ನೋಡಿ "ಡ್ರಮ್ಮರ್ ತಾಳ ತಪ್ಪಿದ" ಎಂದವರನ್ನೂ ಕಂಡಿದ್ದೇನೆ.

ಬಯಲಿಗೂ ಮುಚ್ಚಿದ ಸಭಾಂಗಣಕ್ಕೂ ಹೋಲಿಕೆ ಮಾಡಬೇಡಿ. ಒಂದೇ ಆರ್ಕೆಸ್ಟ್ರಾ ಕಲಬುರಗಿಯ ಎನ್.ವಿ. ಮೈದಾನದಲ್ಲಿ ಕೇಳುವುದೇ ಬೇರೆ, ತಗಡಿನ ಛಾವಣಿಯ ಮಂಗಲ ಕಾರ್ಯಾಲಯದಲ್ಲಿ ಕೇಳುವುದೇ ಬೇರೆ. ಮೆಟಲ್‌ಗಂತೂ ಆ ತಗಡು ಶತ್ರು.

ಮೊದಲ ಎರಡು ಹಾಡುಗಳಿಗೆ ತೀರ್ಪು ಕೊಡಬೇಡಿ. ಖಾಲಿ ಮೈದಾನದಲ್ಲಿ ಸರಿಮಾಡಿದ ಸದ್ದು ಜನ ತುಂಬಿದ ಮೇಲೆ ಬದಲಾಗುತ್ತದೆ, ಎಂಜಿನಿಯರ್ ಅದನ್ನು ಮತ್ತೆ ಹದಕ್ಕೆ ತರಲು ಸಮಯ ಬೇಕು. ಮೊದಲು ನುಡಿಸುವ ಚಿಕ್ಕ ತಂಡಕ್ಕೆ ಆ ಸಮಯವೂ ಸರಿಯಾಗಿ ಸಿಗುವುದಿಲ್ಲ. ಅವರನ್ನು ಮುಖ್ಯ ತಂಡದ ಪಕ್ಕದಲ್ಲಿಟ್ಟು "ಸದ್ದೇ ಇಲ್ಲ" ಎನ್ನುವುದು ಅನ್ಯಾಯ. ನಮ್ಮ ಬ್ಯಾಂಡುಗಳು ಈ ಅನ್ಯಾಯವನ್ನು ಸಾಕಷ್ಟು ಉಂಡಿವೆ.

*ಕಿವಿ.* ಇಯರ್ ಪ್ಲಗ್ ಒಯ್ಯಿರಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಎಂಬುದು ಕೆಲಸದ ಜಾಗಗಳಿಗೆ ಹಾಕಿದ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಮೆಟಲ್ ಕಾನ್ಸರ್ಟ್ 100 ದಾಟುವುದು ಸಾಮಾನ್ಯ. ಹೋಲಿಕೆಗೂ ಇದು ಬೇಕೇ ಬೇಕು. ಎರಡು ಗಂಟೆ ಬರಿಗಿವಿಯಲ್ಲಿ ಕೇಳಿದರೆ ಕಿವಿ ತಾತ್ಕಾಲಿಕವಾಗಿ ಮಂಕಾಗುತ್ತದೆ, ಮೇಲಿನ ಸ್ವರಗಳು ಕಾಣೆಯಾಗುತ್ತವೆ. ಆಗ ಕೊನೆಯ ತಂಡದ ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಮಂದವಾಯಿತು ಅನಿಸಿದರೆ ಮಂದವಾದದ್ದು ನಿಮ್ಮ ಕಿವಿ. ಹತ್ತಿ ತುರುಕಿಕೊಂಡರೆ ಕೆಲಸವಾಗುವುದಿಲ್ಲ. ಮರುದಿನವೂ ಕಿವಿಯಲ್ಲಿ ಕುಂಯ್ ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರರನ್ನು ಕಾಣಿ.

ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವ ಮಾಷ್ ಪಿಟ್‌ಗೆ ಇಳಿಯುವುದಾದರೆ ಇಳಿಯಿರಿ, ಕನ್ನಡಕ ಗೆಳೆಯನ ಕೈಗೆ ಕೊಟ್ಟು. ಆ ಹಾಡಿನ ಬಗ್ಗೆ ಮಾತ್ರ ಅಭಿಪ್ರಾಯ ಬರೆಯಬೇಡಿ.

ಹಂತ 7: ಬರೆದಿಡಿ

ಕಾನ್ಸರ್ಟ್ ಮುಗಿದ ರಾತ್ರಿಯೇ, ಯಾವ ವಿಡಿಯೋವನ್ನೂ ನೋಡುವ ಮುಂಚೆ ಬರೆಯಿರಿ. ಬೆಂಗಳೂರು ಸ್ಟೇಷನ್ನಿನ ಬೆಂಚೇ ಸಾಕು. ಬೇರೆಯವರ ವಿಡಿಯೋ ನೋಡಿದ ಕೂಡಲೇ ನಿಮ್ಮ ನೆನಪಿನ ಮೇಲೆ ಅದು ಕೂತುಬಿಡುತ್ತದೆ. ಆಮೇಲೆ ನೀವು ನಿಂತಿದ್ದ ಜಾಗದಿಂದ ಕೇಳಿದ್ದು ಯಾವುದು, ಯಾರದೋ ಫೋನ್ ಕೇಳಿದ್ದು ಯಾವುದು ಎಂದು ಬಿಡಿಸಲಾಗುವುದಿಲ್ಲ. ಯಾವ ಹಾಡು ಯಾವ ಕ್ರಮದಲ್ಲಿ ಬಂತು ಎನ್ನುವುದು ಸೆಟ್‌ಲಿಸ್ಟ್. ಅದನ್ನು ಆಮೇಲೆ ಸೆಟ್‌ಲಿಸ್ಟ್ ಡಾಟ್ ಎಫ್‌ಎಂ ತಾಣದಲ್ಲಿ ತಾಳೆ ನೋಡಬಹುದು, ಅದಕ್ಕೆ ಪುಟ ಖರ್ಚು ಮಾಡಬೇಡಿ.

ಹತ್ತಕ್ಕೆ ಇಷ್ಟು ಅಂಕ ಎಂದು ಕೊಡಬೇಡಿ. ಆರು ತಿಂಗಳ ನಂತರ ಆ 'ಏಳೂವರೆ' ಯಾಕೆ ಎಂದು ನಿಮಗೇ ಗೊತ್ತಿರುವುದಿಲ್ಲ. ನಿಮಿಷ–ಸೆಕೆಂಡ್ ಸಮೇತ ಒಂದೊಂದು ವಾಕ್ಯ ಬರೆಯಿರಿ. ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ, ತಲೆಯಲ್ಲಿ 'ನುಡಿಸಿದ್ದು', 'ಹಿಡಿದದ್ದು', 'ಗೊತ್ತಿಲ್ಲ' ಎಂದು ಬರೆಯಿರಿ. ಗಾಯಕ ಸಾಲಿನ ಕೊನೆ ಬಿಟ್ಟದ್ದು ಮೊದಲ ಭಾಗಕ್ಕೆ. ಗಿಟಾರ್ ತೆಳ್ಳಗೆ ಕೇಳಿದ್ದು ಎರಡನೆಯದಕ್ಕೆ. ಜನರ ಕೂಗು ಆ ರಾತ್ರಿಯದೋ ಆಮೇಲೆ ಸೇರಿಸಿದ್ದೋ ಅನ್ನುವಂಥದ್ದು ಮೂರನೆಯದಕ್ಕೆ. ಶುರುವಿನ ದಿನಗಳಲ್ಲಿ ಮೂರನೆಯ ಭಾಗ ಖಾಲಿಯಿದ್ದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ, ಮತ್ತೊಮ್ಮೆ ಕೇಳಿ.

'ಏಸಸ್ ಹೈ' ಬಗ್ಗೆ ನನ್ನ ಹಾಳೆ ಏನು ಹೇಳುತ್ತದೆ ಎಂದು ಕೇಳುವವರಿಗೆ: ಒಟ್ಟಿಗೆ ನಿಲ್ಲುವ, ಒಟ್ಟಿಗೆ ಹೊರಡುವ ಜಾಗಗಳಲ್ಲಿ ನನ್ನ ಮತ 1985ಕ್ಕೆ. ಮುಂಬೈಯಲ್ಲಿ ಕೆಳಗಿನ ನೆಲ ದಪ್ಪ, ಮೂರನೆಯ ಗಿಟಾರಿನ ಕೆಲಸ ಅದು. ದನಿಯ ಸಾಲಿನಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೇನೆ.

ಈ ಜೋಡಿ ಮುಗಿದ ಮೇಲೆ ಡೀಪ್ ಪರ್ಪಲ್ ತಂಡದ 'ಮೇಡ್ ಇನ್ ಜಪಾನ್' ಹಿಡಿಯಿರಿ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾ, 17ರಂದು ಟೋಕಿಯೋ, ಮೂರು ರಾತ್ರಿಗಳಿಂದ ಆರಿಸಿದ ಏಳು ಹಾಡು. ಅದನ್ನು ಹಿಡಿದ ಎಂಜಿನಿಯರ್ ಮಾರ್ಟಿನ್ ಬರ್ಚ್, 'ಲೈವ್ ಆಫ್ಟರ್ ಡೆತ್' ತಯಾರಿಸಿದವರೂ ಅವರೇ. ಮೂರೂ ರಾತ್ರಿಗಳ ಬಹುಪಾಲು 1993ರಲ್ಲಿ ಬೇರೆ ಸೆಟ್ ಆಗಿ ಬಂತು. ಅದೇ ತಂಡ, ಅದೇ ವಾರ, ಅದೇ ಎಂಜಿನಿಯರ್ ಆದ್ದರಿಂದ 2, 3, 4ನೇ ಹಂತಗಳ ಕೆಲಸ ಹೆಚ್ಚುಕಡಿಮೆ ಆಗಿಯೇ ಬಿಟ್ಟಿರುತ್ತದೆ, ನೇರ ಐದಕ್ಕೆ ಹೋಗಬಹುದು. 'ಸ್ಟ್ರೇಂಜ್ ಕೈಂಡ್ ಆಫ್ ವುಮನ್'ನಲ್ಲಿ ಗಾಯಕ ಇಯಾನ್ ಗಿಲ್ಲನ್ ಮತ್ತು ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ನಡುವೆ ಸವಾಲು–ಜವಾಬು ನಡೆಯುತ್ತದೆ, ಥೇಟ್ ನಮ್ಮ ಹರದೇಶಿ–ನಾಗೇಶಿ. ಮೂರು ರಾತ್ರಿಯಲ್ಲಿ ಯಾವ ರಾತ್ರಿ ಯಾರು ಗೆದ್ದರು ಎಂದು ಬರೆದು ಕಳಿಸಿ.